ಅಧಿಕಾರವನ್ನು ಹಂಚಿಕೊಟ್ಟ ಮಂತ್ರಿ

1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರವು ರಚಿತವಾಯಿತು. ಅದರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆಯನ್ನು ವಹಿಸಿಕೊಂಡವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಹಣಕಾಸು, ಕಂದಾಯ ಖಾತೆಗಳಿಗಿದ್ದ ಪ್ರತಿಷ್ಠೆ ಆ ಖಾತೆಗೆ ಆಗ ಇರಲಿಲ್ಲ. ಅದಕ್ಕೆ ಪ್ರತಿಷ್ಠೆ ಬಂದದ್ದು ಅದನ್ನು ನಿರ್ವಹಿಸಿದವರಿಂದಲೇ.

ಅವು ಬರಗಾಲದ ವರ್ಷಗಳು. ಬಯಲುಸೀಮೆಯಲ್ಲಿ ಕೆರೆ ಬಾವಿಗಳು ಒಣಗಿ, ಹೆಂಗಸರು ಕೊಡ ಹೊತ್ತು ಮೈಲಿಗಟ್ಟಲೆ ನಡೆಯುತ್ತಿದ್ದ ಕಾಲ. ನಜೀರ್ ಸಾಬ್ ಅವರು ಗ್ರಾಮ ಗ್ರಾಮಗಳಲ್ಲಿ ಕೊಳವೆ ಬಾವಿಗಳನ್ನು ಕೊರೆಯಿಸಿ ಕೈಪಂಪುಗಳನ್ನು ಹಾಕಿಸಿದರು. ಜನ ಪ್ರೀತಿಯಿಂದ ಅವರನ್ನು ‘ನೀರ್ ಸಾಬ್’ ಎಂದು ಕರೆದರು. ಸರ್ಕಾರ ಕೊಡುವ ಬಿರುದಿಗಿಂತ ಬಾವಿಕಟ್ಟೆಯಲ್ಲಿ ಹುಟ್ಟುವ ಹೆಸರು ದೊಡ್ಡದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬೇರೊಬ್ಬ ರಾಜಕಾರಣಿಯಾಗಿದ್ದರೆ ಇಷ್ಟಕ್ಕೇ ತೃಪ್ತನಾಗುತ್ತಿದ್ದನು. ಕೊಳವೆ ಬಾವಿಯನ್ನು ಮಂಜೂರು ಮಾಡುವ ಕೈ ಮತವನ್ನೂ ಗಳಿಸುತ್ತದೆ. ಊರಿನವರು ಅರ್ಜಿ ಹಿಡಿದು ಬೆಂಗಳೂರಿಗೆ ಬರುವಷ್ಟು ಕಾಲವೂ ಮಂತ್ರಿಯ ಬಾಗಿಲಿಗೆ ಬೆಲೆಯಿರುತ್ತದೆ. ನಜೀರ್ ಸಾಬ್ ಅವರು ಆ ಬಾಗಿಲನ್ನೇ ಜಿಲ್ಲೆಗೆ ಸಾಗಿಸಲು ಹೊರಟರು. ಅವರ ಚರಿತ್ರೆಯಲ್ಲಿ ಮನನ ಮಾಡತಕ್ಕ ಸಂಗತಿ ಇದೇ.

ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ಮಸೂದೆಯು 1983ರಲ್ಲಿಯೇ ಅಂಗೀಕೃತವಾದರೂ ರಾಷ್ಟ್ರಪತಿಗಳ ಅಂಕಿತ ದೊರೆತದ್ದು 1985ರಲ್ಲಿ. 1987ರ ಜನವರಿಯಲ್ಲಿ ಚುನಾವಣೆಗಳು ನಡೆದವು. 19 ಜಿಲ್ಲಾ ಪರಿಷತ್ತುಗಳು, ಸುಮಾರು 2,500 ಮಂಡಲ ಪಂಚಾಯತಿಗಳು, ಒಟ್ಟು 55,000ಕ್ಕೂ ಮಿಕ್ಕ ಸದಸ್ಯರು. ಸ್ಥಾನಗಳಲ್ಲಿ ಶೇಕಡಾ 25ರಷ್ಟು ಸ್ತ್ರೀಯರಿಗೆ ಮೀಸಲು. ಹೊಸ್ತಿಲು ದಾಟಿ ಸಭೆಯಲ್ಲಿ ಮಾತನಾಡಿ ಅಭ್ಯಾಸವಿಲ್ಲದ ಸಾವಿರಾರು ಹೆಣ್ಣುಮಕ್ಕಳು ಒಮ್ಮೆಗೇ ಸದಸ್ಯರಾಗಿ ಬಂದು ಕುಳಿತರು. ಎಷ್ಟೋ ಕಡೆ ಗಂಡನೋ ಮಗನೋ ಅವರ ಪರವಾಗಿ ಮಾತನಾಡಿದನೆಂಬ ಆಕ್ಷೇಪವುಂಟು. ಅದು ನಿಜವೇ. ಆದರೆ ಸಭೆಗೆ ಬಾರದೆ ಸಭೆಯಲ್ಲಿ ಮಾತು ಕಲಿಯುವ ಉಪಾಯವನ್ನು ಆಕ್ಷೇಪಿಸಿದವರು ಯಾರೂ ಸೂಚಿಸಲಿಲ್ಲ.

ಅಧಿಕಾರದ ಜೊತೆಗೆ ಹಣವೂ ಸಿಬ್ಬಂದಿಯೂ ಜಿಲ್ಲೆಗೆ ಹೋದವೆಂಬುದು ಮುಖ್ಯ. ಲೆಕ್ಕ ಬರೆಯುವವರಿಗೆ ಇದರ ಮರ್ಮ ತಿಳಿದಿದೆ: ಪೆಟ್ಟಿಗೆಯ ಬೀಗದಕೈಯನ್ನು ತನ್ನಲ್ಲಿರಿಸಿಕೊಂಡು ‘ಅಂಗಡಿ ನಿನ್ನದು’ ಎನ್ನುವುದು ದಾನವಲ್ಲ. ಶಾಲೆ, ಆರೋಗ್ಯ, ಕುಡಿಯುವ ನೀರು ಮುಂತಾದ ಬಾಬುಗಳು ಪರಿಷತ್ತಿಗೆ ವರ್ಗವಾದವು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ದೊರೆಯಿತು. ಅವರ ಅಧೀನದಲ್ಲಿ, ಜಿಲ್ಲಾಧಿಕಾರಿಗಿಂತ ಹಿರಿಯರಾದ ಅಧಿಕಾರಿಯೊಬ್ಬರು ಮುಖ್ಯ ಕಾರ್ಯದರ್ಶಿಯಾಗಿ ಕೆಲಸ ಮಾಡಬೇಕಾಯಿತು. ಕೆಲವು ಪರಿಷತ್ತುಗಳು ವಿರೋಧ ಪಕ್ಷದ ಕೈಗೆ ಹೋದವು. ಅಲ್ಲಿಗೂ ಹಣ ಹೋಯಿತು. ಮಂಡಲವು ಮಾಡುವ ಕೆಲಸವನ್ನು ಊರ ಮತದಾರರೆಲ್ಲ ಕುಳಿತು ಕೇಳಲೆಂದು ವರ್ಷಕ್ಕೆ ಎರಡು ಬಾರಿ ಗ್ರಾಮಸಭೆಯನ್ನು ವಿಧಿಸಲಾಯಿತು.

ಇದೆಲ್ಲ ಸ್ವಪಕ್ಷದ ಶಾಸಕರಿಗೂ ರುಚಿಸಲಿಲ್ಲ. ವರ್ಗಾವಣೆ, ಮಂಜೂರಾತಿಗಳೆಂಬ ಎರಡು ಅಸ್ತ್ರಗಳು ಅವರ ಬತ್ತಳಿಕೆಯಿಂದ ಜಾರಿದ್ದವು. ತಾಲ್ಲೂಕು ಪಂಚಾಯತ್ ಸಮಿತಿಗೆ ಶಾಸಕರನ್ನೇ ಅಧ್ಯಕ್ಷರನ್ನಾಗಿಸಿದ್ದು ಅವರೊಡನೆ ಮಾಡಿಕೊಂಡ ರಾಜಿಯೆಂದೇ ಕಾಣುತ್ತದೆ. ಆ ಸಮಿತಿಗೆ ನೇರ ಚುನಾವಣೆಯಿರಲಿಲ್ಲ, ಹೆಚ್ಚಿನ ಅಧಿಕಾರವೂ ಇರಲಿಲ್ಲ. ಕಟ್ಟಡದಲ್ಲಿ ಅದೊಂದು ದುರ್ಬಲವಾದ ಕಂಬ.

ಹೊಸ ವ್ಯವಸ್ಥೆಗೆ ಎರಡು ವರ್ಷ ತುಂಬುವ ಮೊದಲೇ, 1988ರ ಅಕ್ಟೋಬರಿನಲ್ಲಿ ನಜೀರ್ ಸಾಬ್ ಅವರು ನಿಧನರಾದರು. 1989ರಲ್ಲಿ ಸರ್ಕಾರ ಬದಲಾಯಿತು. 1992ರಲ್ಲಿ ಅವಧಿ ಮುಗಿದಾಗ ಚುನಾವಣೆ ನಡೆಯಲಿಲ್ಲ. ಚುನಾಯಿತರ ಸ್ಥಾನದಲ್ಲಿ ಆಡಳಿತಾಧಿಕಾರಿಗಳು ಬಂದು ಕುಳಿತರು. ಕಾನೂನಿನಿಂದ ಕೊಟ್ಟದ್ದನ್ನು ಸುಮ್ಮನಿದ್ದುಕೊಂಡೇ ಹಿಂದಕ್ಕೆ ಪಡೆಯಬಹುದೆಂಬುದು ಆಗ ಗೊತ್ತಾಯಿತು.

ಅದಕ್ಕೆ ತಡೆ ಬಂದದ್ದು ಸಂವಿಧಾನದ 73ನೆಯ ತಿದ್ದುಪಡಿಯಿಂದ. 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಆ ತಿದ್ದುಪಡಿಯು ಐದು ವರ್ಷಕ್ಕೊಮ್ಮೆ ಚುನಾವಣೆಯನ್ನು ಕಡ್ಡಾಯಗೊಳಿಸಿ, ಮೂರನೆಯ ಒಂದು ಭಾಗದಷ್ಟು ಸ್ಥಾನಗಳನ್ನು ಸ್ತ್ರೀಯರಿಗೆ ಕಾದಿರಿಸಿತು. ಅದೇ ವರ್ಷ ಕರ್ನಾಟಕವು ತನ್ನ ಹೊಸ ಅಧಿನಿಯಮವನ್ನು ಮಾಡಿತು. ಮಂಡಲಗಳು ಹೋಗಿ ಗ್ರಾಮ ಪಂಚಾಯತಿಗಳು ಬಂದವು. ಪರಿಷತ್ತು ಜಿಲ್ಲಾ ಪಂಚಾಯತಿಯಾಯಿತು. ಪಂಚಾಯತಿ ಸದಸ್ಯರಿಗೆ ತರಬೇತಿ ನೀಡುವ ಮೈಸೂರಿನ ಸಂಸ್ಥೆಯು ಅಬ್ದುಲ್ ನಜೀರ್ ಸಾಬ್ ಅವರ ಹೆಸರನ್ನು ಹೊತ್ತಿದೆ.