‘ಬಿಟ್ಟಿ ಕೊಟ್ರೆ ಸೋಮಾರಿಗಳಾಗ್ತಾರೆ’ ಅನ್ನೋ ಮಾತಿನ ಹಿಸ್ಟರಿ

1/4
ಫೋಟೋದಲ್ಲಿರೋದು ನಮ್ಮ ತಲಘಟ್ಟಪುರ ಮೆಟ್ರೋ ಸ್ಟೇಷನ್. 2021ರ ಜನವರಿಯಲ್ಲಿ ಶುರುವಾಯ್ತು. ಬೆಳಿಗ್ಗೆ ಇಲ್ಲಿ ಐಡಿ ಕಾರ್ಡ್ ಹಾಕ್ಕೊಂಡು ಹತ್ತೋರೂ ಇರ್ತಾರೆ, ಫೈಲ್ ಹಿಡ್ಕೊಂಡು ಇಂಟರ್‌ವ್ಯೂಗೆ ಹೊರಟೋರೂ ಇರ್ತಾರೆ.

ಈ ಎರಡನೇ ಗುಂಪಿನವರಿಗೆ ರಾಜ್ಯ ಸರ್ಕಾರದ ಯುವನಿಧಿ ಇದೆ. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದಿದ್ರೆ ಪದವೀಧರರಿಗೆ ತಿಂಗಳಿಗೆ ₹3000, ಡಿಪ್ಲೊಮಾದವರಿಗೆ ₹1500. ಹೆಚ್ಚೆಂದರೆ ಎರಡು ವರ್ಷ. ಕೆಲಸ ಸಿಕ್ಕಿದ್ರೆ ನಿಲ್ಲುತ್ತೆ, ಮುಂದೆ ಓದೋಕೆ ಸೇರಿದ್ರೆ ಬರಲ್ಲ. ಇನ್ನೂ ಕೆಲಸ ಸಿಕ್ಕಿಲ್ಲ ಅಂತ ಆಗಾಗ ನಾವೇ ಘೋಷಣೆ ಕೊಡಬೇಕು. ಮೊದಲ ಕಂತು ಬಿದ್ದಿದ್ದು 2024ರ ಜನವರಿಯಲ್ಲಿ.

₹3000ಕ್ಕೆ ನಮ್ಮ ಏರಿಯಾದಲ್ಲಿ ಪಿಜಿ ಬಾಡಿಗೆಯೂ ಹುಟ್ಟಲ್ಲ. ಆದರೂ ದುಡ್ಡು ಬಂತು ಅಂದ್ರೆ ಸಾಕು, ‘ನಿಂಗೇನಪ್ಪ, ಸರ್ಕಾರನೇ ಸಾಕ್ತಾ ಇದೆ’ ಅನ್ನೋ ಡೈಲಾಗ್ ರೆಡಿ. ಅದಕ್ಕೇ ಎಷ್ಟೋ ಜನ ಹೇಳ್ಕೊಳ್ಳೋದೇ ಇಲ್ಲ. 2013ರಲ್ಲಿ ಅನ್ನಭಾಗ್ಯ ಬಂದಾಗಲೂ ಇದೇ ಮಾತು ಕೇಳಿಬಂದಿತ್ತು. ಅಕ್ಕಿ ಸಿಕ್ಕಿದ್ರೆ ಇನ್ಯಾರು ಕೂಲಿಗೆ ಬರ್ತಾರೆ ಅಂತ.

ಈ ಮಾತು ಎಲ್ಲಿಂದ ಬಂತು? ಇದನ್ನ ನಂಬಿ ಆಳಿದಾಗ ಏನಾಯ್ತು? ಸ್ವಲ್ಪ ಹಿಂದೆ ಹೋಗೋಣ.

2/4
ಇಂಗ್ಲೆಂಡಿನಲ್ಲಿ 1834ರಲ್ಲಿ ಬಡವರ ಕಾನೂನು ಬದಲಾಯ್ತು. ಅದರ ಹಿಂದಿದ್ದ ತತ್ವ ಸಿಂಪಲ್: ಸರ್ಕಾರದ ನೆರವು ಪಡೆಯೋನ ಸ್ಥಿತಿ ಅತಿ ಬಡ ಕೂಲಿಯವನಿಗಿಂತಲೂ ಕೆಟ್ಟದಾಗಿರಬೇಕು. ಆಗ ನಿಜವಾಗಲೂ ಗತಿ ಇಲ್ಲದವರು ಮಾತ್ರ ಬರ್ತಾರೆ ಅನ್ನೋ ಲೆಕ್ಕ. ಇದೇ ಲೆಕ್ಕ ಹಡಗು ಹತ್ತಿ ನಮ್ಮ ದೇಶಕ್ಕೂ ಬಂತು.

1874ರಲ್ಲಿ ಬಿಹಾರದ ಕಡೆ ಬರ ಬಿತ್ತು. ಅಲ್ಲಿನ ಅಧಿಕಾರಿ ರಿಚರ್ಡ್ ಟೆಂಪಲ್ ಬರ್ಮಾದಿಂದ ಅಕ್ಕಿ ತರಿಸಿ ಧಾರಾಳವಾಗಿ ಹಂಚಿಸಿದ. ಹಸಿವಿನಿಂದ ಸತ್ತವರು ತೀರಾ ಕಡಿಮೆ. ಶಭಾಷ್ ಅನ್ನಬೇಕಿತ್ತು, ಅಲ್ವಾ? ಬಂದಿದ್ದು ಬೈಗುಳ. ದುಂದುವೆಚ್ಚ ಮಾಡಿದೆ ಅಂತ.

ಮೂರು ವರ್ಷಕ್ಕೆ ದಕ್ಷಿಣದಲ್ಲಿ ಬರ. 1877ರ ಜನವರಿಯಲ್ಲಿ ಅದೇ ಟೆಂಪಲ್‌ನನ್ನ ಇಲ್ಲಿಗೆ ಕಳಿಸಿದ್ರು. ಈ ಸಲ ಅವನು ಕೈ ಬಿಗಿ ಹಿಡಿದ. ಬರ ಕಾಮಗಾರಿಯಲ್ಲಿ ಮಣ್ಣು ಹೊರುವ ಆಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಅಂದ್ರೆ ಸುಮಾರು 450 ಗ್ರಾಂ, ಜೊತೆಗೆ ಚಿಲ್ಲರೆ ಕಾಸು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಧಾರವಾಡ ಬೊಂಬಾಯಿ ಪ್ರಾಂತ್ಯದಲ್ಲಿತ್ತು. ಅಂದ್ರೆ ಕನ್ನಡದ ಜನರೂ ಇದೇ ಲೆಕ್ಕದೊಳಗೆ ಸಿಕ್ಕಿಕೊಂಡರು. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಈ ಕೂಲಿಯಲ್ಲಿ ದುಡಿಯೋ ದೇಹ ಉಳಿಯಲ್ಲ ಅಂತ ವಾದ ಮಾಡಿದ. ಮದ್ರಾಸಿನಲ್ಲಿ ಕೂಲಿ ಹೆಚ್ಚಿಸಿದ್ದು ಆಮೇಲೆ. ಅಷ್ಟರಲ್ಲಿ ಎಷ್ಟೋ ಜನಕ್ಕೆ ತಡವಾಗಿತ್ತು.

3/4
ನಮ್ಮ ಕಡೆ ಏನಾಯ್ತು? ಆಗ ಮೈಸೂರು ಸಂಸ್ಥಾನವನ್ನ ಬ್ರಿಟಿಷ್ ಕಮಿಷನರ್‌ಗಳೇ ನಡೆಸ್ತಿದ್ರು. ಹಸಿದವರಿಗೆ ಗಂಜಿ ಕೇಂದ್ರಗಳಿದ್ದವು. 1877ರ ಸೆಪ್ಟೆಂಬರ್‌ನಲ್ಲಿ ವೈಸ್‌ರಾಯ್ ಲಿಟ್ಟನ್ ಇಲ್ಲಿಗೇ ಬಂದ. ಚಾರ್ಲ್ಸ್ ಎಲಿಯಟ್ ಅನ್ನೋ ಅಧಿಕಾರಿಗೆ ಬರದ ಉಸ್ತುವಾರಿ ಕೊಟ್ಟ. ಮೈಯಲ್ಲಿ ಶಕ್ತಿ ಇರೋರನ್ನ ಗಂಜಿಯಿಂದ ಕಾಮಗಾರಿಗೆ ಕಳಿಸೋದು ಆಗಿನ ನೀತಿ. ಬೆಂಗಳೂರು–ಮೈಸೂರು ರೈಲು ದಾರಿಯ ಮಣ್ಣಿನ ಕೆಲಸವೂ ಬರ ಪರಿಹಾರವಾಗಿ ನಡೆಯಿತು. ಇಲ್ಲಿಂದ ನೈಸ್ ರಸ್ತೆ ಹಿಡಿದು ಕೆಂಗೇರಿಗೆ ಹೋದರೆ ಸಿಗೋದು ಅದೇ ದಾರಿ. ಇವತ್ತೂ ನಾವು ಅದರ ಮೇಲೇ ಮೈಸೂರಿಗೆ ಹೋಗೋದು.

ಈಗ ಎರಡು ನಂಬರ್ ನೋಡಿ. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ ಸುಮಾರು 50.55 ಲಕ್ಷ. 1881ರಲ್ಲಿ 41.86 ಲಕ್ಷ. ಹತ್ತು ವರ್ಷದಲ್ಲಿ ಏರಬೇಕಿದ್ದ ಸಂಖ್ಯೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಇಳಿದಿದೆ.

ಹೋದವರಲ್ಲಿ ಬಹುಪಾಲು ಹೊಲದ ಕೂಲಿಯವರು, ಸಣ್ಣ ರೈತರು, ನೇಕಾರರಂಥ ಕಸುಬುದಾರರು. ಮಳೆ ಬಂದ ವರ್ಷ ಅವರೇ ಉತ್ತಿ ಬಿತ್ತಿದವರು, ನೇಯ್ದವರು. ಮಳೆ ಕೈಕೊಟ್ಟಾಗ ಅವರ ಕೆಲಸ ಹೋಯ್ತು. ಕೆಲಸ ಹೋದ ತಕ್ಷಣ ಅವರ ನಿಯತ್ತಿನ ಮೇಲೆ ಅನುಮಾನ ಶುರುವಾಯ್ತು.

4/4
ಇಷ್ಟು ಸಾವಾದ ಮೇಲೆ 1880ರಲ್ಲಿ ಬರ ಆಯೋಗದ ವರದಿ ಬಂತು, ಆಮೇಲೆ ಬರ ಸಂಹಿತೆಗಳು ಬಂದವು. ಬರದಲ್ಲಿ ಕೆಲಸ ಕೊಡೋದು ಸರ್ಕಾರದ ಹೊಣೆ ಅನ್ನೋದು ಕಾಗದದ ಮೇಲೆ ಬಂತು. ಸ್ವಾತಂತ್ರ್ಯದ ನಂತರ 1972ರ ಬರದಲ್ಲಿ ಮಹಾರಾಷ್ಟ್ರ ಉದ್ಯೋಗ ಖಾತ್ರಿ ಶುರು ಮಾಡ್ತು. 2005ರಲ್ಲಿ ಇಡೀ ದೇಶಕ್ಕೇ ಕಾನೂನು ಬಂತು: ಹಳ್ಳಿಯ ಪ್ರತಿ ಕುಟುಂಬಕ್ಕೆ ವರ್ಷಕ್ಕೆ 100 ದಿನ ಕೆಲಸ, ಕೇಳಿ 15 ದಿನದಲ್ಲಿ ಕೊಡದಿದ್ರೆ ನಿರುದ್ಯೋಗ ಭತ್ಯೆ. ಅಂದ್ರೆ ಪ್ರಶ್ನೆ ತಿರುಗಿ ನಿಂತಿತು. ‘ನೀನು ಸೋಮಾರಿನಾ?’ ಅಂತ ಆಳನ್ನ ಕೇಳೋ ಮೊದಲು ‘ಕೆಲಸ ಎಲ್ಲಿ?’ ಅಂತ ಸರ್ಕಾರವನ್ನ ಕೇಳಬಹುದು ಅಂತಾಯ್ತು.

ದುಡಿಮೆಗೆ ಬೆಲೆ ಇಲ್ಲ ಅಂತ ಯಾರೂ ಹೇಳ್ತಿಲ್ಲ. ನಮ್ಮ ಮುಂದಿನ ಸ್ಟೇಷನ್ ಹೆಸರೇ ರೇಷ್ಮೆ ಸಂಸ್ಥೆ. ತಲಘಟ್ಟಪುರದಲ್ಲಿರೋ ರಾಜ್ಯ ರೇಷ್ಮೆ ಕೃಷಿ ಸಂಶೋಧನಾ ಸಂಸ್ಥೆಯಿಂದ ಬಂದ ಹೆಸರು. ಕನಕಪುರ, ರಾಮನಗರದ ಕಡೆ ಹುಳು ಸಾಕೋ ಮನೆಗೆ ಹೋಗಿ ನೋಡಿ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಹುಳು ಸೊಪ್ಪು ತಿನ್ನೋ ರಭಸಕ್ಕೆ ಮನೆಯವರಿಗೆ ನಿದ್ದೆನೇ ಇಲ್ಲ. ಅಂಥ ಮನೆಗಳಲ್ಲೂ ರೇಷನ್ ಅಕ್ಕಿ ಬೇಯುತ್ತೆ. ಗೂಡಿನ ರೇಟು ಬಿದ್ದ ವಾರ ಒಲೆ ಉರಿಯೋದು ಅದರಿಂದಲೇ.

12ನೇ ಶತಮಾನದ ಶರಣರು ಕಾಯಕದ ಜೊತೆಗೇ ದಾಸೋಹವನ್ನೂ ಹೇಳಿದ್ರು. ದುಡಿ, ದುಡಿದಿದ್ದನ್ನ ಹಂಚು. ನಾವು ಮೊದಲರ್ಧ ಮಾತ್ರ ಸ್ಟೇಟಸ್ ಹಾಕ್ತೀವಿ.

ಹಾಗಂತ ಯೋಜನೆಗಳನ್ನ ಪ್ರಶ್ನೆ ಮಾಡಬಾರದು ಅಂತಲ್ಲ. ದುಡ್ಡು ಎಲ್ಲಿಂದ ಬರುತ್ತೆ? ಕೆಲಸ ಸಿಕ್ಕ ಮೇಲೂ ಸುಳ್ಳು ಘೋಷಣೆ ಕೊಟ್ರೆ? ಎರಡು ವರ್ಷ ಆದ್ಮೇಲೆ ಮುಂದೇನು? ಇವೆಲ್ಲ ಕೇಳಲೇಬೇಕು. ಆದರೆ ಇವು ಸರ್ಕಾರಕ್ಕೆ ಕೇಳೋ ಪ್ರಶ್ನೆಗಳು. ಪಕ್ಕದ ಬೆಂಚಿನ ಗೆಳೆಯನ ಮರ್ಯಾದೆ ತೆಗೆಯೋಕೆ ಬಳಸೋದಲ್ಲ.

ಅರ್ಹತೆ ಇದ್ರೆ ಅರ್ಜಿ ಹಾಕಿ. ನಾಚಿಕೆ ಬೇಡ. ಆ ₹3000 ಬಸ್ಸಿಗೋ, ಪರೀಕ್ಷೆ ಫೀಸಿಗೋ, ಇಸ್ತ್ರಿ ಮಾಡಿದ ಒಂದು ಶರ್ಟಿಗೋ ಆಗುತ್ತೆ. ಕೆಲಸ ಹುಡುಕೋಕೂ ದುಡ್ಡು ಬೇಕಲ್ವಾ?

#ತಲಘಟ್ಟಪುರ #ನಮ್ಮೂರಹಿಸ್ಟರಿ #ಯುವನಿಧಿ