ಕಾಲನಿಯಮವೂ ಕಿರುಚಿತ್ರವೂ: ಚಂದ್ರದ್ರೋಣ ಪ್ರಾಂತದ ನಿದರ್ಶನಗಳೊಡನೆ ಒಂದು ವಿವೇಚನೆ

ಕನ್ನಡ ಚಲಚ್ಚಿತ್ರದ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ದೀರ್ಘಚಿತ್ರಗಳನ್ನೇ ಗಣಿಸಿ, ಕಿರುಚಿತ್ರವನ್ನು ವಿದ್ಯಾರ್ಥಿಗಳ ಅಭ್ಯಾಸವೆಂದೋ ಉತ್ಸಾಹಿಗಳ ವಿನೋದವೆಂದೋ ಬದಿಗಿರಿಸುವುದುಂಟು. 2024ನೆಯ ಇಸವಿಯ ಮೇ ತಿಂಗಳಲ್ಲಿ ಫ್ರಾನ್ಸ್ ದೇಶದ ಕಾನ್ ನಗರದ ಚಿತ್ರೋತ್ಸವದಲ್ಲಿ ಹದಿನಾರು ನಿಮಿಷಗಳ ಒಂದು ಕನ್ನಡ ಕಿರುಚಿತ್ರಕ್ಕೆ ಪ್ರಥಮ ಪುರಸ್ಕಾರ ದೊರೆತ ಮೇಲೆ ಈ ಉಪೇಕ್ಷೆಗೆ ಎಡೆಯಿಲ್ಲದಂತಾಯಿತು. ಆ ಚಿತ್ರವನ್ನು ಕುರಿತು ಮತ್ತೆ ಮತ್ತೆ ಎತ್ತಿ ಹೇಳಲ್ಪಟ್ಟ ಸಂಗತಿ ಒಂದುಂಟು: ಅದರ ಚಿತ್ರೀಕರಣವು ನಾಲ್ಕೇ ದಿನಗಳಲ್ಲಿ ಮುಗಿಯಿತೆಂಬುದು. ಈ ಪ್ರಶಂಸೆಯಿಂದ, ತ್ವರೆಯೇ ಒಂದು ಗುಣವೆಂಬ ಭ್ರಾಂತಿ ಹುಟ್ಟುವ ಸಂಭವವಿದೆ. ಕಥೆಯನ್ನು ಚಿತ್ರವಾಗಿಸುವ ಕೆಲಸವನ್ನು ವಿದ್ಯಾರ್ಥಿಗಳಿಗೆ ಒಪ್ಪಿಸಿ ವಾರದೊಳಗೆ ಮುಗಿಸಿರೆಂದು ಹೇಳುವ ಸಾಹಿತ್ಯಾಧ್ಯಾಪಕರಿಗೆ ಇದು ಬರಿಯ ತರ್ಕದ ವಿಷಯವಲ್ಲ. ಅಲ್ಪಕಾಲದಲ್ಲಿ ಸಿದ್ಧವಾದ ಕೃತಿಯ ಸಿದ್ಧಿಗೆ ಕಾರಣವೇನೆಂಬುದನ್ನು ವಿಚಾರಿಸುವುದು ಆದಕಾರಣ ಅವಶ್ಯಕ.

ಕಾವ್ಯಕರ್ಮಕ್ಕೂ ಕಾಲಕ್ಕೂ ಇರುವ ಸಂಬಂಧವನ್ನು ನಮ್ಮ ಆಲಂಕಾರಿಕರು ಕಾಣದೆ ಹೋದವರಲ್ಲ. ರಾಜಶೇಖರನು ತನ್ನ ಕಾವ್ಯಮೀಮಾಂಸೆಯ ಕವಿಚರ್ಯಾಪ್ರಕರಣದಲ್ಲಿ ಕಾಲವಿನಿಯೋಗವನ್ನು ಹಿಡಿದು ಕವಿಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿರುವನು. ಏಕಾಂತವನ್ನು ಹೊಕ್ಕು ಎಡೆಬಿಡದೆ ಕಾವ್ಯದಲ್ಲಿಯೇ ತೊಡಗಿರುವವನು ಅಸೂರ್ಯಂಪಶ್ಯ. ಮನಸ್ಸು ಒಲಿದಾಗ ಬರೆಯುವವನು ನಿಷಣ್ಣ. ಸೇವಾದಿ ಕಾರ್ಯಗಳ ನಡುವೆ ಬಿಡುವು ದೊರೆತಾಗ ಬರೆಯುವವನು ದತ್ತಾವಸರ. ಪ್ರಸಂಗವೊಂದು ಒದಗಿದಾಗ ಅದನ್ನು ಉದ್ದೇಶಿಸಿ ಬರೆಯುವವನು ಪ್ರಾಯೋಜನಿಕ. ಗಡುವಿನೊಳಗೆ ಚಿತ್ರವನ್ನು ಮುಗಿಸಬೇಕಾದವನು ಈ ಕಡೆಯ ವರ್ಗಕ್ಕೆ ಸೇರತಕ್ಕವನು. ಮಮ್ಮಟನಾದರೋ ಕಾವ್ಯದ ಹೇತುವೆಂದು ಶಕ್ತಿ, ನಿಪುಣತೆ, ಅಭ್ಯಾಸಗಳನ್ನು ಒಟ್ಟಾಗಿ ಹೇಳಿರುವನು. ಈ ಮೂರರಲ್ಲಿ ಯಾವುದೂ ಗಡುವಿನ ದಿನ ಹುಟ್ಟುವಂಥದಲ್ಲ. ಮೂರೂ ಅದಕ್ಕೆ ಮುಂಚೆ ಇರಬೇಕಾದುವು.

ಅವಧಾನಕಲೆಯಲ್ಲಿ ಈ ತತ್ತ್ವವು ಪ್ರತ್ಯಕ್ಷವಾಗುವುದು. ಪೃಚ್ಛಕರು ಸಮಸ್ಯೆಯನ್ನೊಡ್ಡುವರು, ಇಂತಿಂತಹ ಪದಗಳು ಬರಬೇಕೆಂದು ದತ್ತಪದಿಯನ್ನು ವಿಧಿಸುವರು, ಅಕ್ಷರಗಳನ್ನು ನಿಷೇಧಿಸುವರು. ಅವಧಾನಿಯು ಸಭೆಯಲ್ಲಿಯೇ ಪದ್ಯವನ್ನು ಪೂರೈಸುವನು. ನೋಡುವವರಿಗೆ ಅದು ಕ್ಷಣದ ಚಮತ್ಕಾರ. ಆದರೆ ಛಂದಸ್ಸೂ ನಿಘಂಟುವೂ ಹಲವು ವರ್ಷಗಳಿಂದ ಅವನ ನಾಲಗೆಯಲ್ಲಿ ನೆಲೆಸಿರುವುವು. 2001ರಲ್ಲಿ ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಆರಂಭವಾಗಿ ಅನಂತರ ನಾನಾ ದೇಶಗಳಿಗೆ ಹರಡಿದ ನಲವತ್ತೆಂಟು ಗಂಟೆಗಳ ಚಿತ್ರಸ್ಪರ್ಧೆಯು ಇದಕ್ಕೆ ಬಹು ಸಮೀಪದ್ದು. ಅಲ್ಲಿ ಚಿತ್ರದ ಪ್ರಕಾರವನ್ನು ಚೀಟಿಯೆತ್ತಿ ಗೊತ್ತುಮಾಡುವರು. ಒಂದು ಪಾತ್ರ, ಒಂದು ವಸ್ತು, ಒಂದು ಮಾತು ಚಿತ್ರದಲ್ಲಿ ಬಂದೇ ತೀರಬೇಕೆಂದು ವಿಧಿಸುವರು. ಎರಡು ದಿನಗಳೊಳಗೆ ಬರವಣಿಗೆ, ಚಿತ್ರೀಕರಣ, ಸಂಕಲನಗಳೆಲ್ಲವೂ ಮುಗಿಯತಕ್ಕುದು. ಇದನ್ನು ಚಲಚ್ಚಿತ್ರದ ದತ್ತಪದಿಯೆಂದರೆ ಸಲ್ಲುವುದು.

ಕನ್ನಡ ವಾಕ್ಚಿತ್ರದ ಮೊದಲ ಹೆಜ್ಜೆಯೂ ಇದನ್ನೇ ಸಮರ್ಥಿಸುವುದು. 1934ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ತೆರೆಕಂಡ ‘ಸತಿ ಸುಲೋಚನ’ದ ಚಿತ್ರೀಕರಣವು ಕೊಲ್ಹಾಪುರದಲ್ಲಿ ಸುಮಾರು ಎರಡು ತಿಂಗಳಲ್ಲಿ ನೆರವೇರಿತು. ನಾಡಿನಿಂದ ದೂರ, ಹೊಸ ಯಂತ್ರ, ಪರಸ್ಥಳದ ವೆಚ್ಚ. ಇಂತಿದ್ದರೂ ಕೆಲಸ ಸಾಗಿತು. ಮುಖ್ಯ ಪಾತ್ರಧಾರಿಗಳಾದ ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾವ್ ಮೊದಲಾದವರು ನಾಟಕ ಮಂಡಲಿಗಳಲ್ಲಿ ಪಳಗಿದವರು. ಮಾತು, ಹಾಡು, ಅಂಗಾಭಿನಯಗಳಿಗೆ ಅವರು ಹೊಸದಾಗಿ ಅಣಿಯಾಗಬೇಕಾಗಿರಲಿಲ್ಲ. ರಂಗಭೂಮಿಯ ದೀರ್ಘವಾದ ಸಂಸ್ಕಾರವೇ ಆ ಎರಡು ತಿಂಗಳನ್ನು ಸಾಕಾಗಿಸಿತು.

ಚಿತ್ರಕಾರನು ಸ್ಟುಡಿಯೋವಿನ ಗೋಡೆಗಳನ್ನು ಬಿಟ್ಟು ಹೊರಬಂದಾಗ ಗಡುವನ್ನು ವಿಧಿಸುವವರಲ್ಲಿ ಪ್ರಕೃತಿಯೂ ಒಬ್ಬಳಾಗುವಳು. ಇದನ್ನರಿಯಲು ಬಾಬಾಬುಡನ್‌ಗಿರಿಯ ಪ್ರಾಂತಕ್ಕಿಂತ ತಕ್ಕ ಸ್ಥಳ ಕನ್ನಡನಾಡಿನಲ್ಲಿ ವಿರಳ. ಚಂದ್ರದ್ರೋಣವೆಂದು ಹೆಸರಾದ ಈ ಪರ್ವತಶ್ರೇಣಿಯಲ್ಲಿ, 1,900 ಮೀಟರಿಗೂ ಮಿಗಿಲಾದ ಮುಳ್ಳಯ್ಯನಗಿರಿಯ ಸುತ್ತ ಮಂಜು ಕವಿಯಿತೆಂದರೆ ಎದುರಿನ ಬೆಟ್ಟ ನಿಮಿಷಮಾತ್ರದಲ್ಲಿ ಮರೆಯಾಗುವುದು; ಒಂದೇ ದೃಶ್ಯದ ಎರಡು ತುಣುಕುಗಳ ಬೆಳಕು ಒಂದಕ್ಕೊಂದು ಹೊಂದದೆ ಹೋಗುವುದು. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಮುಂಗಾರಿನ ಮಳೆ. ಸುಗ್ಗಿಯ ತಿಂಗಳುಗಳಲ್ಲಿ ತೋಟದ ಆಳುಗಳಿಗೆ ಕಾಫಿ ಕುಯ್ಲಿನಿಂದ ಬಿಡುವಿಲ್ಲ. ಬೇಸಗೆಯ ಮೊದಲಲ್ಲಿ ಹೂಮಳೆ ಬಿದ್ದ ಎಂಟು-ಹತ್ತು ದಿನಗಳಿಗೆ ಕಾಫಿಗಿಡಗಳೆಲ್ಲವೂ ಒಮ್ಮೆಲೇ ಬೆಳ್ಳಗೆ ಅರಳುವುವು. ಎರಡು ಮೂರು ದಿನಗಳಲ್ಲಿ ಆ ಹೂ ಬಾಡುವುದು. ಅದನ್ನು ಚಿತ್ರದಲ್ಲಿ ಹಿಡಿಯಬಯಸುವವನಿಗೆ ಅಷ್ಟೇ ಅವಕಾಶ; ತಪ್ಪಿದರೆ ಮುಂದಿನ ವರ್ಷವೇ ಗತಿ. 2022ರಲ್ಲಿ ಈ ಗಿರಿಗಳ ಇಳಿಜಾರುಗಳನ್ನು ಮುಚ್ಚಿ ಅರಳಿದ ಕುರಿಂಜಿಯ ವಿಷಯದಲ್ಲಿಯಾದರೋ, ತಪ್ಪಿದವನು ಕಾಯಬೇಕಾದುದು ಹನ್ನೆರಡು ವರ್ಷ. ಮಳೆ ಎಂದು ಬಿದ್ದಿತು, ಯಾವ ಇಳಿಜಾರಿಗೆ ಬೆಳಗಿನ ಬಿಸಿಲು ಮೊದಲು ತಾಕುವುದು ಎಂಬುದನ್ನು ಬಲ್ಲವನಿಗೆ ಮೂರು ದಿನಗಳು ಸಾಲುವುವು. ಅರಿಯದವನಿಗೆ ಮೂರು ತಿಂಗಳೂ ಸಾಲವು.

ಪುಟ್ಟಣ್ಣ ಕಣಗಾಲರು 1967ರಲ್ಲಿ ತೆರೆಗೆ ತಂದ ‘ಬೆಳ್ಳಿಮೋಡ’ವು ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದುದು. ಚಿಕ್ಕಮಗಳೂರು ಪ್ರಾಂತದ ಕಳಸಾಪುರದ ಹೊರಾಂಗಣಗಳಲ್ಲಿ ಅದನ್ನು ಚಿತ್ರಿಸಲಾಯಿತು. ಕನ್ನಡದಲ್ಲಿ ಅವರು ಸ್ವತಂತ್ರವಾಗಿ ನಿರ್ದೇಶಿಸಿದ ಮೊದಲ ಚಿತ್ರವದು. ಆದರೆ ಅದಕ್ಕೆ ಹಿಂದೆ ಬಿ. ಆರ್. ಪಂತುಲು ಅವರ ಕೈಕೆಳಗೆ ಹಲವು ವರ್ಷಗಳ ಶಿಷ್ಯವೃತ್ತಿಯೂ ಮಲಯಾಳದಲ್ಲಿ ನಿರ್ದೇಶನದ ಅನುಭವವೂ ಇದ್ದುವು. ಮೋಡವು ಕರಗುವುದರೊಳಗೆ ದೃಶ್ಯವನ್ನು ಹಿಡಿಯುವ ಕೈಚಳಕವು ಮೊದಲ ಯತ್ನಕ್ಕೆ ದಕ್ಕುವುದಲ್ಲ.

ಈ ಗಿರಿಪ್ರಾಂತವು ಚಲಚ್ಚಿತ್ರಕ್ಕೆ ಕೊಟ್ಟುದು ಬರಿಯ ನೋಟವನ್ನಲ್ಲ, ಸಣ್ಣಕಥೆಯನ್ನೂ ಕೊಟ್ಟಿತು. ಮೂಡಿಗೆರೆಯಲ್ಲಿ ಕೃಷಿಕರಾಗಿ ನೆಲಸಿದ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು (1938–2007) ಮಲೆನಾಡಿನ ಸಾಮಾನ್ಯ ಜನರ ಬಾಳನ್ನು ಮಿತವಾದ ಮಾತಿನಲ್ಲಿ ಕಥೆಯಾಗಿಸಿದರು. ಅವರ ‘ಅಬಚೂರಿನ ಪೋಸ್ಟಾಫೀಸು’ ಕಥೆಯನ್ನು ಎನ್. ಲಕ್ಷ್ಮೀನಾರಾಯಣರು 1973ರಲ್ಲಿ ಚಿತ್ರವಾಗಿಸಿದರು. ಇವರು 1964ರ ‘ನಾಂದಿ’ಗೆ ಮುನ್ನ ‘ಬ್ಲಿಸ್’ ಎಂಬ ಕಿರುಚಿತ್ರವೊಂದನ್ನು ನಿರ್ಮಿಸಿದ್ದರೆಂಬುದು ಇಲ್ಲಿ ಗಮನಾರ್ಹ. ತೇಜಸ್ವಿಯವರದೇ ಆದ ‘ತಬರನ ಕಥೆ’ಯನ್ನು ಗಿರೀಶ ಕಾಸರವಳ್ಳಿಯವರು ಚಿತ್ರಿಸಲು, ಅದಕ್ಕೆ 1986ನೆಯ ವರ್ಷದ ಸ್ವರ್ಣಕಮಲ ಸಂದಿತು. ಕಾಸರವಳ್ಳಿಯವರೂ ಪುಣೆಯ ಚಲಚ್ಚಿತ್ರ ವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ ‘ಅವಶೇಷ’ವೆಂಬ ಕಿರುಚಿತ್ರದಿಂದ ರಾಷ್ಟ್ರಪ್ರಶಸ್ತಿ ಪಡೆದವರು, ಅವರ ಮೊದಲ ದೀರ್ಘಚಿತ್ರವಾದ ‘ಘಟಶ್ರಾದ್ಧ’ ಬಂದುದು 1977ರಲ್ಲಿ. ಮಲೆನಾಡಿನ ಸಣ್ಣಕಥೆಯನ್ನು ತೆರೆಗೆ ತಂದ ಈ ಇಬ್ಬರೂ ಮಿತಪ್ರಮಾಣದ ಚಿತ್ರದಲ್ಲಿಯೇ ಮೊದಲು ಕೈ ಕುದುರಿಸಿಕೊಂಡವರೆಂಬುದು ಕಾಕತಾಳೀಯವಾಗಿ ತೋರದು. ಸಣ್ಣಕಥೆಗೂ ಕಿರುಚಿತ್ರಕ್ಕೂ ಶಿಕ್ಷಣ ಒಂದೇ: ಬಿಡಬೇಕಾದುದನ್ನು ಬಿಡಲು ಕಲಿಯುವುದು.

ಕಾಸರವಳ್ಳಿಯವರು ಕಲಿತ ಆ ವಿದ್ಯಾಲಯದಿಂದಲೇ, ಸುಮಾರು ಅರ್ಧಶತಮಾನದ ಬಳಿಕ, ಆರಂಭದಲ್ಲಿ ಹೇಳಿದ ಚಿತ್ರವು ಹೊರಬಂದಿತು. ಹಿಂದಿನ ಪ್ರಭಾತ್ ಸ್ಟುಡಿಯೋವಿನ ನಿವೇಶನದಲ್ಲಿ 1960ರಲ್ಲಿ ಸ್ಥಾಪಿತವಾದ ಸಂಸ್ಥೆಯದು. ಮೈಸೂರಿನಲ್ಲಿ ವೈದ್ಯಶಿಕ್ಷಣವನ್ನು ಮುಗಿಸಿ ಅಲ್ಲಿಯ ದೂರದರ್ಶನ ವಿಭಾಗದ ಒಂದು ವರ್ಷದ ಪಾಠಕ್ರಮಕ್ಕೆ ಸೇರಿದ ಚಿದಾನಂದ ಎಸ್. ನಾಯ್ಕ ಅವರು ವರ್ಷಾಂತ್ಯದ ಅಭ್ಯಾಸವಾಗಿ ‘ಸೂರ್ಯಕಾಂತಿ ಹೂವಿಗೆ ಮೊದಲು ಗೊತ್ತಾಗಿದ್ದು’ ಎಂಬ ಚಿತ್ರವನ್ನು ನಿರ್ದೇಶಿಸಿದರು. ಛಾಯಾಗ್ರಹಣ ಸೂರಜ್ ಠಾಕೂರರದು, ಸಂಕಲನ ಮನೋಜ್ ವಿ. ಅವರದು, ಶಬ್ದಯೋಜನೆ ಅಭಿಷೇಕ್ ಕದಂರದು. ಕಾನ್ ಉತ್ಸವದ ವಿದ್ಯಾರ್ಥಿಚಿತ್ರಗಳ ವಿಭಾಗಕ್ಕೆ ಆ ವರ್ಷ 555 ವಿದ್ಯಾಲಯಗಳಿಂದ 2,263 ಚಿತ್ರಗಳು ಬಂದಿದ್ದು, ಆಯ್ಕೆಗೊಂಡವು 18 ಮಾತ್ರ. ಅವುಗಳಲ್ಲಿ ಇದು ಪ್ರಥಮವೆನಿಸಿ 15,000 ಯೂರೋ ಪುರಸ್ಕಾರವನ್ನು ಪಡೆಯಿತು.

ಚಿತ್ರದ ಇತಿವೃತ್ತವು ಕನ್ನಡನಾಡಿನ ಅಜ್ಜಿಯರು ಮೊಮ್ಮಕ್ಕಳಿಗೆ ಹೇಳಿಕೊಂಡು ಬಂದಿರುವ ಕಥೆ. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ಯುವಳು. ಕೂಗಲು ಕೋಳಿಯಿಲ್ಲದೆ ಬೆಳಗಾಗದು. ಊರೆಲ್ಲ ಕತ್ತಲೆಯಲ್ಲಿ ಮುಳುಗುವುದು. ಹುಂಜವನ್ನು ಮರಳಿ ತರಲೆಂದು ಅವಳ ಮನೆಯವರನ್ನು ಊರಿನಿಂದ ಹೊರಗಟ್ಟುವರು. ಸೂರ್ಯನಿಲ್ಲದ ಕಥೆಯಾದುದರಿಂದ ಚಿತ್ರೀಕರಣವೂ ಇರುಳಿನಲ್ಲಿಯೇ ನಡೆಯಿತು. ನಾಲ್ಕು ದಿನಗಳೆಂಬ ಲೆಕ್ಕವೂ ಹೀಗೆ ನಾಲ್ಕು ಇರುಳುಗಳಿಗೆ ಇಳಿಯುವುದು. ಬೆಳಕು ಹರಿದರೆ ಕೆಲಸ ನಿಲ್ಲತಕ್ಕುದು. ರಾಜಶೇಖರನ ಪ್ರಾಯೋಜನಿಕನು ಇಲ್ಲಿ ಅಕ್ಷರಶಃ ಅಸೂರ್ಯಂಪಶ್ಯನೂ ಆದನೆನ್ನಬಹುದು.

ಈ ಸಿದ್ಧಿಯ ಕಾರಣಗಳನ್ನು ಮಮ್ಮಟನ ಕ್ರಮದಲ್ಲಿ ಎಣಿಸಿದರೆ ವಿಷಯ ಸ್ಪಷ್ಟವಾಗುವುದು. ಇರುಳಿನ ಕಥೆಯನ್ನೇ ಆಯ್ದು, ಕತ್ತಲೆಯನ್ನೇ ಚಿತ್ರದ ಅಂಗವಾಗಿಸಿಕೊಂಡುದು ಶಕ್ತಿ. ತಲೆಮಾರುಗಳ ಬಾಯಲ್ಲಿ ಸವೆದು, ಬೇಡದುದೆಲ್ಲವೂ ಕಳಚಿಹೋಗಿ, ಎಲುಬುಗಟ್ಟಿನಷ್ಟೇ ಉಳಿದಿರುವ ಜಾನಪದ ಕಥೆಯ ಪರಿಚಯ ನಿಪುಣತೆ. ನಾಲ್ಕು ಶಾಖೆಗಳ ವಿದ್ಯಾರ್ಥಿಗಳು ವರ್ಷಪೂರ್ತಿ ಒಂದೆಡೆ ಪಡೆದ ಶಿಕ್ಷಣವು ಅಭ್ಯಾಸ. ನಾಲ್ಕು ದಿನಗಳೆಂಬುದು ಕೇವಲ ಲೇಖನದ ಕಾಲ. ರಚನೆಯ ಕಾಲವನ್ನು ಅಜ್ಜಿಯರಿಂದ ಮೊದಲುಗೊಂಡು ಎಣಿಸಬೇಕು.

ಇಲ್ಲಿ ಒಂದು ಆಕ್ಷೇಪ ಉಂಟಾಗಬಹುದು. ಸಂಸ್ಕಾರವೇ ಕಾರಣವಾದ ಪಕ್ಷದಲ್ಲಿ ಗಡುವು ವ್ಯರ್ಥವೆ? ಹಾಗಲ್ಲ. ಛಂದಸ್ಸು ಪದವನ್ನು ಹುಟ್ಟಿಸಲಾರದು. ಇರುವ ಪದಗಳಲ್ಲಿ ಒಂದನ್ನು ಆರಿಸುವಂತೆ ಕವಿಯನ್ನು ನಿರ್ಬಂಧಿಸುವುದು. ಗಡುವಿನ ವ್ಯಾಪಾರವೂ ಅಂತಹುದೇ. ಆರಿಸಲು ಏನೂ ಇಲ್ಲದವನಲ್ಲಿ ಅದು ಗಾಬರಿಯನ್ನುಂಟುಮಾಡುವುದು; ಇರುವವನಲ್ಲಿ ವಿವೇಕವನ್ನುಂಟುಮಾಡುವುದು. ನಾಲ್ಕು ದಿನಗಳಲ್ಲಿ ಮುಗಿದು ಹೆಸರಿಲ್ಲದೆ ಹೋದ ಚಿತ್ರಗಳು ಯಾರ ಎಣಿಕೆಗೂ ಬಾರವೆಂಬುದನ್ನು, ಗೆದ್ದ ಒಂದನ್ನು ಕೊಂಡಾಡುವವರು ನೆನೆಯತಕ್ಕುದು.

ಆದುದರಿಂದ ಕಿರುಚಿತ್ರವನ್ನು ಪಾಠದ ಅಂಗವಾಗಿಸುವ ಅಧ್ಯಾಪಕರು ಗಡುವನ್ನು ವಿಧಿಸುವುದಕ್ಕೆ ಮುಂಚೆ ಕಥೆಯನ್ನು ಕೊಡಬೇಕಾಗುವುದು. ಮೂಡಿಗೆರೆಯ ವಿದ್ಯಾರ್ಥಿಯು ತೇಜಸ್ವಿಯವರ ಕಥೆಗಳನ್ನು ಓದಿರಲಿ. ಕಳಸದ ವಿದ್ಯಾರ್ಥಿಯು ತನ್ನ ಮನೆಯ ಹಿರಿಯರಿಂದ ನಾಲ್ಕು ಕಥೆಗಳನ್ನು ಕೇಳಿ ಬರೆದಿಟ್ಟಿರಲಿ. ಹೂಮಳೆ ಬಿದ್ದ ದಿನವನ್ನು ಗುರುತಿಸಿಡಲಿ. ಅಂತಹವನಿಗೆ ನಾಲ್ಕು ದಿನಗಳನ್ನು ಕೊಟ್ಟರೆ ಅನ್ಯಾಯವಾಗದು. ಈ ಸಾಮಗ್ರಿಯಿಲ್ಲದವನಿಗೆ ಕ್ಯಾಮರಾವನ್ನೂ ಗಡುವನ್ನೂ ಒಟ್ಟಿಗೆ ಒಪ್ಪಿಸುವುದು, ವೃತ್ತವನ್ನು ಕಲಿಸದೆ ಸಮಸ್ಯೆಯನ್ನು ಕೊಟ್ಟಂತೆಯೇ ಸರಿ.