ಬಂಜೆತನದ ದೋಷವು ಯಾರದು?

‘ಬಂಜೆ’ ಎಂಬುದು ಸಂಸ್ಕೃತದ ‘ವಂಧ್ಯಾ’ ಶಬ್ದದ ತದ್ಭವವು. ಮಕ್ಕಳಿಲ್ಲದ ಸ್ತ್ರೀಯನ್ನು ಲೋಕವು ಈ ಹೆಸರಿನಿಂದ ಹಳಿಯುವುದು. ಮಕ್ಕಳಿಲ್ಲದ ಪುರುಷನಿಗೆ ಇಂತಹ ಬಿರುದಿಲ್ಲ. ಈ ರೂಢಿಯನ್ನು ನೋಡಿ, ಸಂತಾನವಾಗದಿದ್ದಲ್ಲಿ ದೋಷವೆಲ್ಲವೂ ಸ್ತ್ರೀಯದೆಂದೇ ನಮ್ಮ ಪ್ರಾಚೀನರು ಬಗೆದಿದ್ದರೆಂದು ಅನೇಕರು ತಿಳಿದಿರುವರು. ಗ್ರಂಥಗಳನ್ನು ಪರಿಶೀಲಿಸಿದಲ್ಲಿ ಈ ಅಭಿಪ್ರಾಯವು ನಿಲ್ಲಲಾರದು.

ಮೊದಲು ವೈದ್ಯಶಾಸ್ತ್ರವನ್ನು ನೋಡುವ. ಸುಶ್ರುತಸಂಹಿತೆಯ ಶಾರೀರಸ್ಥಾನದ 2ನೆಯ ಅಧ್ಯಾಯಕ್ಕೆ ಶುಕ್ರಶೋಣಿತಶುದ್ಧಿಯೆಂದು ಹೆಸರು. ಅದರಲ್ಲಿ ಆಚಾರ್ಯನು ಮೊದಲು ಪುರುಷನ ಶುಕ್ರದೋಷಗಳನ್ನು ಹೇಳಿ, ಆಮೇಲೆ ಸ್ತ್ರೀಯ ಆರ್ತವದೋಷಗಳನ್ನು ಹೇಳಿರುವನು. ಋತು, ಕ್ಷೇತ್ರ, ಅಂಬು, ಬೀಜ ಎಂಬ 4 ಕೂಡಿದಲ್ಲಿ ಮೊಳಕೆಯು ಹುಟ್ಟುವಂತೆ ಗರ್ಭವು ನಿಲ್ಲುವುದೆಂಬುದು ಅವನ ಸಿದ್ಧಾಂತವು. ಚರಕಸಂಹಿತೆಯ ಚಿಕಿತ್ಸಾಸ್ಥಾನದ 30ನೆಯ ಅಧ್ಯಾಯವು ಸ್ತ್ರೀಯರ 20 ಯೋನಿವ್ಯಾಪತ್ತುಗಳನ್ನು ನಿರೂಪಿಸುವುದಾದರೂ ಅಷ್ಟಕ್ಕೇ ಮುಗಿಯದೆ, 8 ಶುಕ್ರದೋಷಗಳನ್ನೂ 4 ವಿಧದ ಕ್ಲೈಬ್ಯವನ್ನೂ ಚಿಕಿತ್ಸಾಸಹಿತವಾಗಿ ವಿವರಿಸುವುದು. ವೈದ್ಯನ ದೃಷ್ಟಿಯಲ್ಲಿ ದಂಪತಿಗಳಿಬ್ಬರೂ ಪರೀಕ್ಷ್ಯರೇ ಸರಿ.

ಧರ್ಮಶಾಸ್ತ್ರಕಾರರಿಗೂ ಇದು ಅವಿದಿತವಲ್ಲ. ವಿವಾಹಕ್ಕೆ ಮುನ್ನ ವರನ ಪುಂಸ್ತ್ವವನ್ನು ಪರೀಕ್ಷಿಸತಕ್ಕದ್ದೆಂದೂ, ಕ್ಷೇತ್ರವು ಬೀಜವುಳ್ಳವನಿಗೆ ಸಲ್ಲತಕ್ಕದ್ದೆಂದೂ ನಾರದಸ್ಮೃತಿಯು ವಿಧಿಸಿ, ಅಸಮರ್ಥರಾದ ಪುರುಷರಲ್ಲಿ 14 ಭೇದಗಳನ್ನು ಎಣಿಸಿರುವುದು. ಮನುವೂ 9ನೆಯ ಅಧ್ಯಾಯದಲ್ಲಿ ಬೀಜಹೀನನಾದ ಪತಿಯನ್ನು ಹೆಸರಿಸಿರುವನು. ಆದರೆ ಅಂತಹ ಪತಿಯನ್ನು ದ್ವೇಷಿಸುವ ಹೆಂಡತಿಯನ್ನು ಬಿಡಲಾಗದು, ಅವಳ ದಾಯವನ್ನು ಕಸಿಯಲಾಗದು ಎಂಬಷ್ಟೇ ಅವಳಿಗೆ ದೊರೆತ ರಕ್ಷಣೆಯು. ಅದೇ ಅಧ್ಯಾಯದಲ್ಲಿ, ವಂಧ್ಯೆಯಾದವಳ ಮೇಲೆ 8ನೆಯ ವರ್ಷದಲ್ಲಿ ಸವತಿಯನ್ನು ತರಬಹುದೆಂದು ವಿಧಿಯಿದೆ. ಅರಿವು ಇಬ್ಬರ ವಿಷಯದಲ್ಲಿಯೂ ಇದ್ದಿತು; ದಂಡವು ಮಾತ್ರ ಒಬ್ಬಳ ಪಾಲಿಗೆ ಬಂದಿತು.

ಪತಿಯು ಕ್ಲೀಬನಾದಲ್ಲಿ ಸ್ತ್ರೀಗೆ ಅನ್ಯಪತಿಯನ್ನು ವಿಧಿಸುವ ವಚನವು ನಾರದ ಪರಾಶರ ಸ್ಮೃತಿಗಳೆರಡರಲ್ಲಿಯೂ ಉಂಟು. ಇದೇ ವಚನವನ್ನು ಆಧರಿಸಿ ಈಶ್ವರಚಂದ್ರ ವಿದ್ಯಾಸಾಗರರು ವಾದಿಸಿದ ಬಳಿಕ 1856ರಲ್ಲಿ ವಿಧವಾವಿವಾಹದ ಶಾಸನವು ಹುಟ್ಟಿತು. ಆದರೆ 14ನೆಯ ಶತಮಾನದಲ್ಲಿ ವಿಜಯನಗರದ ಮಾಧವಾಚಾರ್ಯರು ಪರಾಶರಸ್ಮೃತಿಗೆ ವ್ಯಾಖ್ಯಾನವನ್ನು ಬರೆಯುವಾಗ, ಇದು ಯುಗಾಂತರದ ಧರ್ಮವೆಂದು ನಿರ್ಣಯಿಸಿದರು. ಸ್ತ್ರೀಗೆ ತೆರೆದಿದ್ದ ಬಾಗಿಲು ಹೀಗೆ ವ್ಯಾಖ್ಯಾನದಿಂದಲೇ ಮುಚ್ಚಿತು.

ಬಾಗಿಲು ಮುಚ್ಚಿದವಳಿಗೆ ಉಳಿದುದು ದೈವವೊಂದೇ. ಅಶ್ವತ್ಥಕಟ್ಟೆಗಳ ಮೇಲೆ ನಮ್ಮ ನಾಡಿನ ಊರೂರುಗಳಲ್ಲಿ ಕಾಣುವ ನಾಗರಕಲ್ಲುಗಳಲ್ಲಿ ಎಷ್ಟೋ ಕಲ್ಲುಗಳು ಸಂತಾನಕ್ಕಾಗಿ ಹೊತ್ತ ಹರಕೆಯ ಗುರುತುಗಳು. ವಡ್ಡಾರಾಧನೆಯ ಸುಕುಮಾರಸ್ವಾಮಿಯ ಕಥೆಯಲ್ಲಿಯೂ ಮಕ್ಕಳಿಲ್ಲವೆಂದು ಕೊರಗಿ ಮುನಿಯನ್ನು ಕೇಳುವವಳು ಸೆಟ್ಟಿಯ ಹೆಂಡತಿಯಾದ ಯಶೋಭದ್ರೆಯೇ. ಮಗನು ಹುಟ್ಟುವನು, ಆದರೆ ಅವನ ಮುಖವನ್ನು ಕಂಡೊಡನೆ ಗಂಡನು ತಪಸ್ಸಿಗೆ ಹೋಗುವನೆಂಬ ಉತ್ತರವು ಅವಳಿಗೆ ದೊರೆಯುವುದು. ಹಂಬಲವೂ ಅವಳದೇ, ಅದರ ಬೆಲೆಯೂ ಅವಳದೇ.

ಸಂತಾನಾಪೇಕ್ಷಿಗಳಾಗಿ ಬಂದ ದಂಪತಿಗಳಲ್ಲಿ ಇಬ್ಬರನ್ನೂ ಪರೀಕ್ಷಿಸಬೇಕೆಂಬುದು ಇಂದಿನ ವೈದ್ಯರ ನಿಯಮವು. ಇದನ್ನು ಪರದೇಶದ ನೂತನಮತವೆಂದು ಹೇಳಿ ಪರೀಕ್ಷೆಗೆ ಹಿಂಜರಿಯುವ ಗಂಡಂದಿರು ಇಂದಿಗೂ ಉಂಟು. ಅಂಥವರಿಗೆ ಸುಶ್ರುತನ ಅಧ್ಯಾಯದ ಮೊದಲ ಭಾಗವನ್ನು ತೋರಿಸಬಹುದು. ಕಾವ್ಯಪಾಠದಲ್ಲಿ ‘ಬಂಜೆ’ ಎಂಬ ಶಬ್ದವು ಬಂದಾಗ ಅಧ್ಯಾಪಕರು ಅರ್ಥವನ್ನು ಹೇಳುವುದರೊಡನೆ ಈ ಚರಿತ್ರೆಯನ್ನೂ ಹೇಳುವುದು ಯುಕ್ತವೆಂದು ನಮಗೆ ತೋರುವುದು.